ಪಿಕಪ್ ಬೆನ್ನಿಗೆ ನೂರಹತ್ತು ಕೆಜಿಯ ಫೈಬರ್ ಮನೆ

ಪ್ರಶ್ನೆ: ನಮ್ಮಲ್ಲಿ ಎರಡು ಸಾಲು ಸೀಟಿನ ಪಿಕಪ್ ವಾಹನವಿದೆ, ಖಾಸಗಿ ನೋಂದಣಿಯದು. ಅದರ ಹಿಂದಿನ ತೊಟ್ಟಿಯ ಮೇಲೆ ಕೂರುವ, ಬೇಡವೆಂದಾಗ ಇಳಿಸಿಡಬಹುದಾದ ಪುಟ್ಟ ಕ್ಯಾಂಪರ್, ಅಂದರೆ ಪ್ರವಾಸದಲ್ಲಿ ಮಲಗುವ ಗೂಡು, ಕಟ್ಟಬೇಕೆಂಬ ಆಸೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು ಮಲಗುವಷ್ಟು ಜಾಗವಿದ್ದರೆ ಸಾಕು. ಊರಿನ ಬಾಡಿ ಕಟ್ಟುವವರು ಕಬ್ಬಿಣದ ಚೌಕ ಪೈಪಿನ ಚೌಕಟ್ಟಿಗೆ ಪ್ಲೈವುಡ್ ಹೊಡೆದು ಕೊಡುವುದಾಗಿ ಹೇಳಿದರು, ತೂಕ ಸುಮಾರು 250 ಕೆಜಿ ಆಗಬಹುದಂತೆ. ನೋಂದಣಿ ಪತ್ರದಲ್ಲಿ ಖಾಲಿ ತೂಕಕ್ಕೂ ಒಟ್ಟು ತೂಕಕ್ಕೂ ನಡುವಿನ ಅಂತರ 500 ಕೆಜಿ. ಥರ್ಮಾಕೋಲ್ ಹಲಗೆಗೆ ಫೈಬರ್ ಮ್ಯಾಟ್ ಹಚ್ಚಿ ಮನೆಯಲ್ಲೇ ಹಗುರವಾಗಿ ಕಟ್ಟಬಹುದೇ? ನಾರನ್ನು ಹಿಡಿದಿಡುವ ಅಂಟಾಗಿ ಯಾವ ರೆಸಿನ್, ಎಷ್ಟು ದಪ್ಪ? ಆರ್‌ಟಿಒ ತಕರಾರು ಬರುತ್ತದೆಯೇ? — ಸಾಗರದ ಓದುಗರೊಬ್ಬರು

ಉತ್ತರ: ಕಟ್ಟಬಹುದು. ತಾಳ್ಮೆಯಿರುವ ಇಬ್ಬರು, ಮಳೆ ಬೀಳದ ಒಂದು ಕೊಟ್ಟಿಗೆ, ಸಮತಟ್ಟಾದ ಒಂದು ದೊಡ್ಡ ಮೇಜು ಇದ್ದರೆ ಮನೆಯಲ್ಲೇ ಆಗುವ ಕೆಲಸ ಇದು. ಆದರೆ ನೀವು ಬರೆದಂತೆ ಥರ್ಮಾಕೋಲಿಗೆ ಮ್ಯಾಟ್ ಹಚ್ಚಲು ಹೊರಟರೆ ಮೊದಲ ದಿನವೇ ಹಲಗೆ ಕರಗಿ ಹೋಗುತ್ತದೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು, ಒಂದು ಹಲಗೆಯನ್ನೂ ಕೊಳ್ಳದೆ ಮಾಡಬೇಕಾದ ಕೆಲಸವೊಂದಿದೆ: ತೂಕದ ಲೆಕ್ಕ.

500 ಕೆಜಿ ಎಂದರೆ ಬಹಳ ಎನಿಸುತ್ತದೆ. ಕಾನೂನಿನಲ್ಲಿ ಖಾಲಿ ತೂಕ ಎಂದರೆ ಚಾಲಕನನ್ನೂ ಬಿಟ್ಟ ತೂಕ. ಹಾಗಾಗಿ ನೀವು ಮೂವರೂ ಈ 500ರೊಳಗೇ ಬರುತ್ತೀರಿ. ಮೂವರಿಗೆ 170 ಕೆಜಿ ಎಂದಿಟ್ಟುಕೊಳ್ಳಿ. ಬಟ್ಟೆಬರೆ, ಚೀಲ 40. ನೀರು 40 ಲೀಟರ್ ಎಂದರೆ 40 ಕೆಜಿ. ಒಲೆ, ಪಾತ್ರೆ, ದಿನಸಿ 15. ಬ್ಯಾಟರಿ, ಸೋಲಾರ್ ಹಲಗೆ, ವೈರು 25. ಒಳಗಿನ ಕಪಾಟು, ಬೆಂಚು 40. ಹಾಸಿಗೆ 12. ಒಟ್ಟು 342. ಉಳಿದದ್ದು 158. ಅದರಲ್ಲಿ 50 ಕೆಜಿಯನ್ನು ಮುಟ್ಟದೆ ಬಿಡಿ. ಮಳೆಗೆ ನೆನೆದ ಟಾರ್ಪಾಲು, ದಾರಿಯಲ್ಲಿ ಕೊಂಡ ಹಲಸಿನ ಹಣ್ಣು, ಆಮೇಲೆ ನೆನಪಾಗುವ ಸಾಮಾನು ಎಲ್ಲವೂ ಅದನ್ನು ತುಂಬುತ್ತವೆ. ಅಂದರೆ ಕ್ಯಾಂಪರ್ ಒಡಲಿಗೆ ಸಿಗುವುದು 108 ಕೆಜಿ. 250 ಕೆಜಿಯ ಕಬ್ಬಿಣ–ಪ್ಲೈವುಡ್ ಪೆಟ್ಟಿಗೆಯನ್ನು ಹೇರಿದರೆ ಸ್ಪ್ರಿಂಗ್ ಪಟ್ಟಿ, ಟಯರು, ಬ್ರೇಕು ಮೂರೂ ತಮ್ಮ ಮಿತಿ ದಾಟಿ ದುಡಿಯಬೇಕಾಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ಬಿಡುವುದು ಇಂಥ ಹೊರೆಯಿಂದಲೇ.

ಈ ಪಟ್ಟಿಯಲ್ಲಿ ಬ್ಯಾಟರಿಯನ್ನು ಗಮನಿಸಿ. ಮನೆಯ ಇನ್‌ವರ್ಟರಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯೊಂದೇ 50 ಕೆಜಿ ದಾಟುತ್ತದೆ. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕೆಜಿ ಆಸುಪಾಸಿನಲ್ಲಿರುತ್ತದೆ, ಬಳಸಲು ಸಿಗುವ ವಿದ್ಯುತ್ತೂ ಹೆಚ್ಚುಕಡಿಮೆ ಅಷ್ಟೇ. ಗೋಡೆಯಲ್ಲಿ ಗ್ರಾಂ ಗ್ರಾಂ ಉಳಿಸಿ ಬ್ಯಾಟರಿಯಲ್ಲಿ, ಹದಿನೆಂಟು ಮಿಲಿಮೀಟರ್ ಪ್ಲೈವುಡ್ ಕಪಾಟಿನಲ್ಲಿ ಎಲ್ಲವನ್ನೂ ಕಳೆದುಕೊಂಡವರು ಬಹಳ ಜನ. ತೂಕದ ಪಟ್ಟಿಯನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಒಳಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ತಕ್ಕಡಿಗೆ ಹಾಕಿ ಬರೆಯಿರಿ.

ಇನ್ನು ಆರ್‌ಟಿಒ. ಇದಕ್ಕೂ ಕೆಲಸ ಶುರುವಾಗುವ ಮೊದಲೇ ಉತ್ತರ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಎಂದು ಸೇರಿಸಲಾಯಿತು. ಕ್ಯಾರವಾನ್ ಆಗಿಯೇ ತಯಾರಾಗುವ ವಾಹನಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದು ಪ್ರಮಾಣೀಕರಣದ ದಾರಿ, ಮನೆಯಲ್ಲಿ ಒಂದೇ ಒಂದು ಕಟ್ಟುವವರಿಗೆ ಎಟುಕುವಂಥದ್ದಲ್ಲ. ನಿಮ್ಮ ವಾದಕ್ಕೆ ಬಲ ಬರುವುದು ನೀವೇ ಬರೆದ 'ಇಳಿಸಿಡಬಹುದಾದ' ಎಂಬ ಗುಣದಿಂದ. ಚಾಸಿಗೆ ಒಂದು ತೂತನ್ನೂ ಕೊರೆಯದೆ, ಒಂದು ವೆಲ್ಡಿಂಗನ್ನೂ ಹಾಕದೆ, ಸರಕಿನಂತೆ ಕಟ್ಟಿ ಒಯ್ಯುವ ಪೆಟ್ಟಿಗೆ ವಾಹನದ ಬದಲಾವಣೆಯಲ್ಲ ಎಂದು ಹೇಳಬಹುದು. ಆದರೆ ಒಬ್ಬ ಅಧಿಕಾರಿ ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪದಿರಬಹುದು. ಅಳತೆಯ ನಕ್ಷೆ, ಅಂದಾಜು ತೂಕ, ಕಟ್ಟುವ ವಿಧಾನ ಬರೆದು ನಿಮ್ಮ ಆರ್‌ಟಿಒ ಕಚೇರಿಗೂ ವಿಮಾ ಕಂಪನಿಗೂ ಅರ್ಜಿ ಕೊಡಿ, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ. ಪೆಟ್ಟಿಗೆ ಹಿಂದಿನ ದೀಪಗಳನ್ನಾಗಲಿ ನಂಬರ್ ಫಲಕವನ್ನಾಗಲಿ ಮುಚ್ಚಬಾರದು. ವಾಹನ ಓಡುವಾಗ ಒಳಗೆ ಯಾರೂ ಇರಬಾರದು. ಮಗಳು ಎಷ್ಟೇ ಹಟ ಮಾಡಿದರೂ ಸರಿ, ಅವಳ ಜಾಗ ಸೀಟ್ ಬೆಲ್ಟ್ ಇರುವ ಸೀಟಿನಲ್ಲೇ.

ಈಗ ನಿಜವಾದ ವಿಷಯಕ್ಕೆ ಬರೋಣ. ಹಗುರವಾದ ವಸ್ತುವಿಗೆ ಗಟ್ಟಿತನ ಬರುವುದು ಎಲ್ಲಿಂದ? ಹಲಗೆ ಬಾಗುವಾಗ ಅದರ ಒಂದು ಮುಖ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ನಡುವಿನ ಭಾಗಕ್ಕೆ ಹೆಚ್ಚು ಕೆಲಸವಿಲ್ಲ. ಹಾಗಾಗಿ ಬಲವಾದ ವಸ್ತುವನ್ನು ಎರಡು ಮುಖಗಳಲ್ಲಿ ಮಾತ್ರ ತೆಳ್ಳಗೆ ಇಟ್ಟು, ನಡುವೆ ಹಗುರವಾದ ತಿರುಳನ್ನು ತುಂಬಿದರೆ ಸಾಕು. ಇದೇ ಸ್ಯಾಂಡ್‌ವಿಚ್ ಹಲಗೆ. ಒಂದು ತಗಡನ್ನು ಎರಡಾಗಿ ಸೀಳಿ, ಒಟ್ಟು ದಪ್ಪ ಮೊದಲಿನ ನಾಲ್ಕರಷ್ಟಾಗುವಂತೆ ನಡುವೆ ಹಗುರ ತಿರುಳನ್ನು ಇಟ್ಟರೆ ಬಿಗಿತ ಸುಮಾರು 37 ಪಟ್ಟು, ಬಲ ಒಂಬತ್ತು ಪಟ್ಟು ಹೆಚ್ಚುತ್ತದೆ. ತೂಕ ಹೆಚ್ಚುವುದು ನೂರಕ್ಕೆ ಆರರಷ್ಟು ಮಾತ್ರ. ಎಂಜಿನಿಯರಿಂಗ್ ಪಠ್ಯಗಳಲ್ಲಿ ಬರುವ ಈ ಲೆಕ್ಕವನ್ನು ಮೊದಲ ಸಲ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ಆದರೆ ಮೂರು ಪದರಗಳೂ ಒಂದಾಗಿ ದುಡಿದರೆ ಮಾತ್ರ ಈ ಲಾಭ. ಹೊರಪದರ ತಿರುಳಿನಿಂದ ಬಿಟ್ಟುಕೊಂಡ ಕ್ಷಣ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಮಿಲಿಮೀಟರಿನ ಎರಡು ಹಾಳೆ. ಆದ್ದರಿಂದ ಈ ಕೆಲಸದಲ್ಲಿ ಅಂಟೇ ಪ್ರಧಾನ. ಗೋಡೆಯ ನಡುಭಾಗ ಬಹುತೇಕ ತಾನಾಗಿ ಗಟ್ಟಿ ಬರುತ್ತದೆ. ಮುರಿಯುವುದು ಮೂಲೆಯಲ್ಲಿ, ಬೋಲ್ಟ್ ಹಾಕಿದ ತೂತಿನಲ್ಲಿ, ಕಿಟಕಿಯ ಅಂಚಿನಲ್ಲಿ. ನಿಮ್ಮ ಯೋಚನೆ, ಸಮಯ, ಹಣ ಮೂರರಲ್ಲೂ ದೊಡ್ಡ ಪಾಲು ಅಲ್ಲಿಗೆ ಹೋಗಲಿ.

ಅಚ್ಚಿಲ್ಲದೆ, ಫೋಮಿನ ಮೇಲೆಯೇ ಗಾಜಿನ ಬಟ್ಟೆ (ಗಾಜಿನ ನಾರಿನಿಂದ ನೇಯ್ದದ್ದು) ಹಾಸಿ ಕಟ್ಟುವ ಈ ಪದ್ಧತಿಯನ್ನು ಮನೆಯಂಗಳಕ್ಕೆ ತಂದವರು ವಿಮಾನ ಕಟ್ಟುವ ಹವ್ಯಾಸಿಗಳು. ಅಮೆರಿಕದ ಬರ್ಟ್ ರುಟಾನ್ 1975ರಲ್ಲಿ ಹಾರಿಸಿದ ವೇರಿ-ಈಝಿ, 1979ರ ಲಾಂಗ್-ಈಝಿ ವಿಮಾನಗಳ ನಕ್ಷೆ ಕೊಂಡವರು ತಮ್ಮ ಗ್ಯಾರೇಜಿನಲ್ಲೇ ಪಾಲಿಸ್ಟೈರೀನ್ ಫೋಮನ್ನು ಕಾಯಿಸಿದ ತಂತಿಯಿಂದ ಕೊಯ್ದು ರೆಕ್ಕೆಯ ಆಕಾರ ಮಾಡಿ, ಗಾಜಿನ ಬಟ್ಟೆ ಮತ್ತು ಇಪಾಕ್ಸಿ ಎಂಬ ರೆಸಿನ್ ಹೊದಿಸಿ ಹಾರಾಡಿದರು. ನಮ್ಮಲ್ಲೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ಎರಡು ಸೀಟಿನ 'ಹಂಸ' ತರಬೇತಿ ವಿಮಾನದ ಒಡಲು ಪೂರ್ತಿ ಕಾಂಪೋಸಿಟ್, ಅಂದರೆ ನಾರು ಮತ್ತು ರೆಸಿನ್ ಸೇರಿದ ವಸ್ತು. ನಿಮಗೆ ಇನ್ನೂ ಹತ್ತಿರದ ಗುರುಗಳಿದ್ದಾರೆ. ಘಟ್ಟ ಇಳಿದರೆ ಹೊನ್ನಾವರ, ಭಟ್ಕಳ, ಮಲ್ಪೆಯ ಕಡೆ ಫೈಬರ್ ದೋಣಿ ಕಟ್ಟುವ, ರಿಪೇರಿ ಮಾಡುವ ಕೈಗಳಿವೆ. ಗಾಜಿನ ಬಟ್ಟೆಗೆ ರೆಸಿನ್ ಕುಡಿಸುವ ಹದ, ಗಾಳಿಯ ಗುಳ್ಳೆಯನ್ನು ರೋಲರಿನಿಂದ ಹೊರದೂಡುವ ಕ್ರಮ ಬರಹದಿಂದ ಬರುವುದಿಲ್ಲ. ಎರಡು ದಿನ ಅವರ ಪಕ್ಕ ನಿಂತು ನೋಡಿ, ಸಾಧ್ಯವಾದರೆ ಕೈ ಜೋಡಿಸಿ.

ದೋಣಿಯವರು ಬಳಸುವ ಸಾಮಗ್ರಿಯನ್ನೇ ತಂದುಬಿಡಬೇಡಿ ಎಂಬುದು ಮಾತ್ರ ನೆನಪಿರಲಿ. ಅವರದು ಪಾಲಿಯೆಸ್ಟರ್ ರೆಸಿನ್ ಮತ್ತು ತುಂಡು ನಾರಿನ ಮ್ಯಾಟ್. ಪಾಲಿಯೆಸ್ಟರಿನಲ್ಲಿ ಸ್ಟೈರೀನ್ ಎಂಬ ದ್ರಾವಕವಿದೆ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್, ಅದು ಸ್ಟೈರೀನಿನಲ್ಲಿ ಕರಗುತ್ತದೆ. ವಿನೈಲ್ ಎಸ್ಟರ್ ರೆಸಿನ್ ಹಾಕಿದರೂ ಇದೇ ಗತಿ. ಪಾಲಿಸ್ಟೈರೀನ್ ತಿರುಳಿಗೆ ಇಪಾಕ್ಸಿಯೇ ಬೇಕು. ಪಾಲಿಯೆಸ್ಟರನ್ನೇ ಬಳಸುವುದಾದರೆ ತಿರುಳು ಪಿಯು (ಪಾಲಿಯುರೆಥೇನ್) ಫೋಮ್ ಅಥವಾ ಪಿವಿಸಿ ಫೋಮ್ ಆಗಿರಬೇಕು. ಪಿಯು ಫೋಮ್ ಅಗ್ಗ, ಆದರೆ ಪುಡಿ ಉದುರುವ ಸ್ವಭಾವದ್ದು. ವರ್ಷಗಟ್ಟಲೆ ರಸ್ತೆಯ ಅದುರಾಟಕ್ಕೆ ಪದರದ ಕೆಳಗೆ ಹಿಟ್ಟಾಗುತ್ತಾ ಹೋಗುತ್ತದೆ. ಪಿವಿಸಿ ಫೋಮ್ ಅತ್ಯುತ್ತಮ, ದೋಣಿಗಳಿಗೂ ಗಾಳಿಯಂತ್ರದ ಅಲಗುಗಳಿಗೂ ಹಾಕುತ್ತಾರೆ. ಬೆಲೆ ಮಾತ್ರ ಬಹಳ.

ಮೊದಲ ಸಲ ಕಟ್ಟುವ ನಿಮಗೆ ನನ್ನ ಸಲಹೆ: ಎಕ್ಸ್‌ಪಿಎಸ್ ಎಂಬ ಒತ್ತುಫೋಮ್, ನೇಯ್ದ ಗಾಜಿನ ಬಟ್ಟೆ, ಇಪಾಕ್ಸಿ. ಎಕ್ಸ್‌ಪಿಎಸ್ ಕೂಡ ಪಾಲಿಸ್ಟೈರೀನೇ. ಆದರೆ ಥರ್ಮಾಕೋಲಿನಂತೆ ಮಣಿ ಮಣಿಯಾಗಿರದೆ ಒಂದೇ ಸಮನಾದ ಮುಚ್ಚಿದ ಕೋಶಗಳಿಂದ ಆಗಿರುತ್ತದೆ. ಕಟ್ಟಡಗಳ ತಾರಸಿಗೆ ಶಾಖ ತಡೆಯಲು ಹಾಸುವ ನೀಲಿ, ಗುಲಾಬಿ ಅಥವಾ ಹಸಿರು ಹಲಗೆ ಅದೇ. ಘನ ಮೀಟರಿಗೆ 32–36 ಕೆಜಿ ಸಾಂದ್ರತೆಯದನ್ನು ಕೇಳಿ ತನ್ನಿ, ಬೆಂಕಿ ಹಬ್ಬುವಿಕೆಯನ್ನು ತಗ್ಗಿಸುವ ಗುಣವಿರುವ ದರ್ಜೆಯದೇ ಬೇಕೆಂದು ಹೇಳಿ. ಪ್ಯಾಕಿಂಗಿನ ಥರ್ಮಾಕೋಲ್ ಇದಕ್ಕೆ ಸಾಲದು. ಅದು ಮೆತ್ತಗೆ, ಮಣಿಗಳ ನಡುವೆ ನೀರು ಸೇರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದನ್ನು ನಂಬುವಂತಿಲ್ಲ.

ಮ್ಯಾಟ್ ಏಕೆ ಬೇಡ? ತೂಕಕ್ಕಾಗಿ. ಚದರ ಮೀಟರಿಗೆ 450 ಗ್ರಾಮಿನ ತುಂಡು ನಾರಿನ ಮ್ಯಾಟ್ ತನ್ನ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ಒಂದು ಮಿಲಿಮೀಟರಿನ ಪದರಕ್ಕೆ ಒಂದೂವರೆ ಕೆಜಿ ಬೀಳುತ್ತದೆ, ಅದರಲ್ಲಿ ಗಾಜು ಮೂರನೇ ಒಂದು ಪಾಲು ಮಾತ್ರ. ನೇಯ್ದ ಬಟ್ಟೆಗೆ ಅದರ ತೂಕದಷ್ಟೇ ರೆಸಿನ್ ಸಾಕು. ಸರಿಸುಮಾರು ಅದೇ ತೂಕದಲ್ಲಿ, ನಾರಿನ ದಿಕ್ಕಿನಲ್ಲಿ ಎರಡು ಪಟ್ಟಿನಷ್ಟು ಬಿಗಿತ ಸಿಗುತ್ತದೆ. ಬಲ ಕೊಡುವುದು ಗಾಜು, ರೆಸಿನ್ನಿನ ಕೆಲಸ ಅದನ್ನು ಹಿಡಿದಿಡುವುದು. ಹೊಳೆಯುವಂತೆ ರೆಸಿನ್ ಸುರಿದ ಹಲಗೆ ನೋಡಲು ಚಂದ, ತಕ್ಕಡಿಯಲ್ಲಿ ಭಾರ. ಚೆನ್ನಾಗಿ ಹಚ್ಚಿದ ಪದರದಲ್ಲಿ ನೇಯ್ಗೆಯ ಎಳೆ ಎಳೆಯೂ ಕಾಣಬೇಕು, ಆದರೆ ಬಿಳಿ ಚುಕ್ಕೆ ಎಲ್ಲೂ ಇರಬಾರದು.

ದಪ್ಪದ ಲೆಕ್ಕ ಹೀಗೆ. ಪಕ್ಕದ ಗೋಡೆಗೆ 25 ಮಿಲಿಮೀಟರ್ ತಿರುಳು, ಹೊರಗೆ 600 ಗ್ರಾಮಿನ ಬಟ್ಟೆ, ಒಳಗೆ 400 ಗ್ರಾಮಿನದು. ಚದರ ಮೀಟರಿಗೆ ತಿರುಳು 0.9 ಕೆಜಿ, ಗಾಜು 1.0, ಅದಕ್ಕೆ ರೆಸಿನ್ 1.0, ಫೋಮಿನ ರಂಧ್ರ ಮುಚ್ಚಲು 0.4, ಬಣ್ಣ ಮತ್ತು ಲಪ್ಪ 0.3. ಒಟ್ಟು 3.6 ಕೆಜಿ. ಇದೇ ಜಾಗಕ್ಕೆ 12 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಏಳು ಕೆಜಿ, ಚೌಕಟ್ಟು ಬೇರೆ. ಶೀತಲಗೃಹಗಳಿಗೆ ಬಳಸುವ, ಎರಡು ಬದಿಗೂ ಉಕ್ಕಿನ ತಗಡಿರುವ ಪಫ್ ಹಲಗೆ ಹತ್ತು ಕೆಜಿ. ನಿಮ್ಮ ತೊಟ್ಟಿಯ ಅಳತೆಗೆ, ಕ್ಯಾಬಿನ್ ಮೇಲೆ ಚಾಚಿಕೊಂಡ ಮಲಗುವ ಜಾಗವನ್ನೂ ಸೇರಿಸಿದರೆ, ನೆಲ–ಚಾವಣಿ–ಗೋಡೆ ಎಲ್ಲ ಕೂಡಿ 22 ಚದರ ಮೀಟರ್ ಆಸುಪಾಸು ಬರುತ್ತದೆ. ಎಂಬತ್ತು ಕೆಜಿ. ಬಾಗಿಲು, ಕಿಟಕಿ, ಮೂಲೆಯ ಪಟ್ಟಿ, ಒಳಗೆ ಹುದುಗಿಸುವ ಮರದ ತುಂಡುಗಳಿಗೆ ಉಳಿಯುವುದು ಮೂವತ್ತಕ್ಕಿಂತ ಕಡಿಮೆ. ಬಿಗಿ ಲೆಕ್ಕ, ಆದರೆ ಆಗುತ್ತದೆ.

ಮಲಗುವ ನೆಲಕ್ಕೆ ಮಾತ್ರ ಧಾರಾಳವಾಗಿರಿ. ಅಲ್ಲಿ 40 ಮಿಲಿಮೀಟರ್ ತಿರುಳು, ಎರಡೂ ಬದಿಗೆ 800 ಗ್ರಾಂ ಬಟ್ಟೆ ಇರಲಿ. ಒಂದೂವರೆ ಮೀಟರ್ ಅಗಲದ ಆ ಹಲಗೆಯ ಮೇಲೆ 150 ಕೆಜಿ ಹರಡಿ ಮಲಗಿದರೆ ನಡುವೆ ತಗ್ಗುವುದು ಲೆಕ್ಕದಲ್ಲಿ ಮೂರು ಮಿಲಿಮೀಟರ್ ಅಷ್ಟೇ. ಮಂಡಿಯೂರಿದಾಗ ಇನ್ನೂ ಸ್ವಲ್ಪ. ಚಾವಣಿಗೂ ಸೋಲಾರ್ ಹಲಗೆ ಕೂರುವ ಕಡೆ ಒಂದು ಹೆಚ್ಚುವರಿ ಪದರ ಕೊಡಿ. ಕ್ಯಾಬಿನ್ ಮೇಲೆ ಚಾಚಿದ ಮುಂಗೋಡೆ ಗಾಳಿಯನ್ನು ಎದುರಿಸಬೇಕು. 80 ಕಿಲೋಮೀಟರ್ ವೇಗದಲ್ಲಿ ಚದರ ಮೀಟರಿಗೆ ಸುಮಾರು 30 ಕೆಜಿ ಒತ್ತಡ ಬೀಳುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುವುದರಿಂದ ಎದುರು ಗಾಳಿಯಲ್ಲೂ, ಲಾರಿ ರಭಸದಿಂದ ಹಾದುಹೋದಾಗಲೂ ಅದು ಇನ್ನಷ್ಟು ಏರುತ್ತದೆ. ಮುಂಗೋಡೆಯನ್ನು ನೆಟ್ಟಗೆ ನಿಲ್ಲಿಸದೆ ಹಿಂದಕ್ಕೆ ಓರೆಯಾಗಿಸಿ, ಅಂಚುಗಳನ್ನು ದುಂಡಗೆ ಮಾಡಿ. ಡೀಸೆಲ್ಲೂ ಉಳಿಯುತ್ತದೆ.

ಬಿಸಿಲಿನ ವಿಷಯದಲ್ಲಿ ಹಟ ಮಾಡಿಯೇ ಹೇಳುತ್ತೇನೆ: ಬಿಳಿ ಬಣ್ಣವನ್ನೇ ಹೊಡೆಯಿರಿ. ಮನೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಇಪಾಕ್ಸಿ 50–60 ಡಿಗ್ರಿಯ ಹತ್ತಿರ ಮೆತ್ತಗಾಗತೊಡಗುತ್ತದೆ. ಎಕ್ಸ್‌ಪಿಎಸ್ ತಡೆಯುವುದು 75 ಡಿಗ್ರಿಯವರೆಗೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಡುನೀಲಿ ಅಥವಾ ಕಪ್ಪು ಚಾವಣಿ 70 ಡಿಗ್ರಿ ದಾಟಬಲ್ಲದು. ಹಿಂದೆ ಶಾಖ ತಡೆಯುವ ಫೋಮ್ ಇರುವುದರಿಂದ ಆ ಬಿಸಿ ಇಳಿದು ಹೋಗಲು ದಾರಿಯೂ ಇಲ್ಲ. ಫೋಮ್–ಇಪಾಕ್ಸಿ ವಿಮಾನಗಳು ಬೆಳ್ಳಗಿರುವುದು ಇದೇ ಕಾರಣಕ್ಕೆ. ನಿಮಗೆ ಹಸಿರು ಇಷ್ಟವಿದ್ದರೆ ಪಕ್ಕದಲ್ಲಿ ಒಂದು ಪಟ್ಟಿ ಎಳೆಯಿರಿ, ಚಾವಣಿ ಬಿಳಿಯೇ ಇರಲಿ. ಬಣ್ಣ ಹೊಡೆಯದೆ ಬಿಡುವಂತೆಯೂ ಇಲ್ಲ. ಇಪಾಕ್ಸಿ ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿಯಾಗಿ ಪುಡಿಯಾಗುತ್ತದೆ. ಕಾರುಗಳಿಗೆ ಹೊಡೆಯುವ ಎರಡು ಡಬ್ಬಿಯ ಪಿಯು ಬಣ್ಣ ಇದಕ್ಕೆ ಸರಿ.

ಹಲಗೆಗಳನ್ನು ಮೇಜಿನ ಮೇಲೆ ಮಲಗಿಸಿಯೇ ಮಾಡಿ, ಆಮೇಲೆ ಕೊಯ್ದು ಜೋಡಿಸಿ. ಗೋಡೆ ನಿಲ್ಲಿಸಿ ಬಟ್ಟೆ ಹಚ್ಚಲು ಹೋದರೆ ರೆಸಿನ್ ಕೆಳಗಿಳಿದು ಮೇಲೆ ಒಣಗಿದ ಬಟ್ಟೆ, ಕೆಳಗೆ ಕೊಳ ಆಗುತ್ತದೆ. ಎಕ್ಸ್‌ಪಿಎಸ್ ಹಲಗೆಯ ಮೇಲಿನ ನುಣುಪು ಪೊರೆಗೆ ಯಾವುದೂ ಅಂಟುವುದಿಲ್ಲ. ಒರಟು ಉಪ್ಪುಕಾಗದದಿಂದ ಉಜ್ಜಿ ಅದನ್ನು ಪೂರ್ತಿ ತೆಗೆಯಿರಿ, ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಸೂಕ್ಷ್ಮ ಗಾಜಿನ ಗುಳ್ಳೆಗಳ ಪುಡಿ ಬೆರೆಸಿದ ಇಪಾಕ್ಸಿ ಲಪ್ಪವನ್ನು ಕರಣೆಯಿಂದ ತೆಳ್ಳಗೆ ಎಳೆದು ರಂಧ್ರ ಮುಚ್ಚಿ. ಅದು ಹಸಿಯಿರುವಾಗಲೇ ಬಟ್ಟೆ ಹಾಸಿ ರೆಸಿನ್ ಕುಡಿಸಿ. ಮೇಲೆ ಪೀಲ್ ಪ್ಲೈ ಎಂಬ ನೈಲಾನ್ ಬಟ್ಟೆ ಹೊದಿಸಿ ರೋಲರ್ ಆಡಿಸಿದರೆ ಹೆಚ್ಚಿನ ರೆಸಿನನ್ನು ಅದು ಹೀರಿಕೊಳ್ಳುತ್ತದೆ. ಮರುದಿನ ಅದನ್ನು ಸುಲಿದಾಗ ಮುಂದಿನ ಅಂಟಿಗೆ ಹದವಾದ ಒರಟು ಮೈ ಸಿಗುತ್ತದೆ. ಒಂದು ಬದಿ ಮುಗಿಸಿ ವಾರಗಟ್ಟಲೆ ಬಿಡಬೇಡಿ, ಹಲಗೆ ಒಂದೇ ಕಡೆಗೆ ಬಾಗಿಕೊಳ್ಳುತ್ತದೆ. ನಿರ್ವಾತ ಪಂಪು ಸಿಕ್ಕರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ಎಳೆಯಬಹುದು. ಪೂರ್ಣ ನಿರ್ವಾತ ಎಂದರೆ ಚದರ ಮೀಟರಿಗೆ ಹತ್ತು ಟನ್ ಒತ್ತಡ. ಒಳ್ಳೆಯ ಎಕ್ಸ್‌ಪಿಎಸ್ ಅದನ್ನು ತಾಳುತ್ತದೆ, ಆದರೂ ಅರ್ಧ ನಿರ್ವಾತಕ್ಕೇ ನಿಲ್ಲಿಸುವುದು ಕ್ಷೇಮ.

ಇಪಾಕ್ಸಿ ಬೆರೆಸುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಳಸಿ, ತಯಾರಕರು ಹೇಳಿದ ಪ್ರಮಾಣವನ್ನು ಚಾಚೂ ತಪ್ಪದೆ ಪಾಲಿಸಿ. ಬೇಗ ಒಣಗಲಿ ಎಂದು, ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ದ್ರವವನ್ನು ಹೆಚ್ಚು ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ವೇಗ ಬದಲಿಸಬೇಕಾದರೆ ಬೇರೆ ಹಾರ್ಡನರನ್ನೇ ತರಬೇಕು. ಬೆರೆಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿಯಿರಿ. ಆಳವಾದ ಡಬ್ಬಿಯಲ್ಲೇ ಬಿಟ್ಟರೆ ತನ್ನ ಶಾಖಕ್ಕೆ ತಾನೇ ಕುದಿದು ಹೊಗೆಯಾಡುತ್ತದೆ, ಹತ್ತಿರದ ಫೋಮನ್ನೂ ಕರಗಿಸುತ್ತದೆ. ಸಾಗರದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಯಲ್ಲಿ ಇಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಬರುತ್ತದೆ, ಅದನ್ನು ನೀರಿನಿಂದ ಉಜ್ಜಿ ತೊಳೆಯದೆ ಮುಂದಿನ ಪದರ ಹಚ್ಚಿದರೆ ಕಚ್ಚುವುದೇ ಇಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗಿನ ಒಣ ಹಗಲು ಸೂಕ್ತ. ನೈಟ್ರೈಲ್ ಕೈಗವಸು ಕಡ್ಡಾಯ. ಇಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿದರೆ ಜೀವನಪರ್ಯಂತ ಬಿಡುವುದಿಲ್ಲ. ಉಜ್ಜುವಾಗ ಎನ್95 ಮುಖಗವಸು, ಕನ್ನಡಕ. ಎಂದಾದರೂ ಪಾಲಿಯೆಸ್ಟರ್ ಬಳಸುವ ಸಂದರ್ಭ ಬಂದರೆ ಇದನ್ನು ಮರೆಯಬೇಡಿ: ಆ ರೆಸಿನನ್ನು ಗಟ್ಟಿಯಾಗಿಸಲು ಹಾಕುವ ಕೋಬಾಲ್ಟ್ ಮತ್ತು ಎಂಇಕೆಪಿ ದ್ರವಗಳೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಎಂಇಕೆಪಿಯ ಒಂದು ಹನಿ ಕಣ್ಣನ್ನೇ ಕಳೆಯಬಲ್ಲದು.

ನಿಜವಾದ ಹಲಗೆಗೆ ಕೈ ಹಾಕುವ ಮುಂಚೆ ಒಂದು ಮೀಟರ್ ಉದ್ದ, ಒಂದಡಿ ಅಗಲದ ಮಾದರಿ ತುಂಡುಗಳನ್ನು ಮಾಡಿ. ಒಂದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ನಿಂತು ನೋಡಿ. ಒಂದನ್ನು ವಾರ ಪೂರ್ತಿ ನೀರಿನಲ್ಲಿ ಮುಳುಗಿಸಿ, ಒಂದನ್ನು ಬಿಸಿಲಿಗೆ ಬಿಡಿ. ಆಮೇಲೆ ಪದರದ ಒಂದು ಮೂಲೆಯನ್ನು ಚಾಣದಿಂದ ಎಬ್ಬಿಸಿ ಇಕ್ಕಳದಲ್ಲಿ ಹಿಡಿದು ಸುಲಿಯಿರಿ. ಬಟ್ಟೆಯ ಹಿಂಬದಿಯಲ್ಲಿ ಫೋಮ್ ಕಿತ್ತುಕೊಂಡು ಬಂದರೆ ನಿಮ್ಮ ಅಂಟು ಗೆದ್ದಿದೆ. ಬಟ್ಟೆ ನುಣ್ಣಗೆ, ಸ್ವಚ್ಛವಾಗಿ ಬಿಟ್ಟುಕೊಂಡರೆ ಉಜ್ಜಿದ್ದು ಸಾಲದು ಅಥವಾ ಲಪ್ಪ ಒಣಗಿಬಿಟ್ಟಿತ್ತು ಎಂದರ್ಥ. ಈ ಪರೀಕ್ಷೆಯಲ್ಲಿ ತೃಪ್ತಿಯಾಗುವವರೆಗೂ ಮುಂದೆ ಹೋಗಬೇಡಿ.

ಈಗ ಮೂಲೆ ಮತ್ತು ತೂತುಗಳು, ಅಂದರೆ ಇಡೀ ಕೆಲಸದ ಕಠಿಣ ಭಾಗ. ಎರಡು ಹಲಗೆ ಸೇರುವ ಒಳಮೂಲೆಗೆ ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯಷ್ಟು ಗಟ್ಟಿಯಾದ ಇಪಾಕ್ಸಿ ತುಂಬಿ, ದುಂಡಗಿನ ಚಮಚದ ಬೆನ್ನಿನಿಂದ ಎರಡು ಸೆಂಟಿಮೀಟರ್ ಬಳುಕು ಬರುವಂತೆ ಎಳೆಯಿರಿ. ಅದು ಹಸಿಯಿರುವಾಗಲೇ, ನಾರುಗಳು 45 ಡಿಗ್ರಿ ಓರೆಯಲ್ಲಿರುವ ಬಟ್ಟೆಯ ಪಟ್ಟಿಗಳನ್ನು ಹಚ್ಚಿ. ಮೊದಲು ಹತ್ತು ಸೆಂಟಿಮೀಟರ್ ಅಗಲದ್ದು, ಮೇಲೆ ಹದಿನೈದರದ್ದು. ಎರಡರ ಅಂಚೂ ಒಂದೇ ಗೆರೆಯಲ್ಲಿ ಮುಗಿಯಬಾರದು, ಮುಗಿದರೆ ಆ ಗೆರೆಯಲ್ಲೇ ಬಿರುಕು ಹುಟ್ಟುತ್ತದೆ. ಹೊರಮೂಲೆಯ ಪದರವನ್ನು ಪಟ್ಟಿಯ ಅಗಲಕ್ಕೆ ಉಜ್ಜಿ, ಮೊನೆಯನ್ನು ದುಂಡಗೆ ಮಾಡಿ ಅಲ್ಲೂ ಹೀಗೇ ಹಚ್ಚಿ. ಚೂಪು ಅಂಚಿನ ಮೇಲೆ ಗಾಜಿನ ಬಟ್ಟೆ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಸ್ಕ್ರೂ, ಅಲ್ಯೂಮಿನಿಯಂ ಕೋನಪಟ್ಟಿ ಏನೂ ಬೇಡ. ಸರಿಯಾಗಿ ಕಟ್ಟಿದ ಮೂಲೆ ಗೋಡೆಗಿಂತ ಗಟ್ಟಿ.

ಫೋಮಿಗೆ ಸ್ಕ್ರೂ ಹಿಡಿಯುವುದಿಲ್ಲ. ಬೋಲ್ಟ್ ಹಾಕಿ ಬಿಗಿದರೆ ತಿರುಳು ಜಜ್ಜಿಹೋಗುತ್ತದೆ. ಹಾಗಾಗಿ ಬಾಗಿಲ ಕೀಲು, ಬೀಗ, ಕಟ್ಟುವ ಕೊಂಡಿ, ಮಡಚುವ ಮೇಜು ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ಹಲಗೆ ಮಾಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿ. ಅಲ್ಲಿನ ಫೋಮ್ ಕೊಯ್ದು ತೆಗೆದು ಅಷ್ಟೇ ದಪ್ಪದ ಮೆರೈನ್ ಪ್ಲೈವುಡ್ ತುಂಡನ್ನು ಕೂರಿಸಿ, ಮೇಲಿನ ಪದರ ಅದನ್ನೂ ಸೇರಿಸಿ ಮುಚ್ಚಲಿ. ಕಟ್ಟುವ ಕೊಂಡಿಗಳಿರುವ ಕಡೆ ಮೂರು ಹೆಚ್ಚುವರಿ ಪದರ ಕೊಡಿ, ಒಂದಕ್ಕಿಂತ ಒಂದು ದೊಡ್ಡದಾಗಿರಲಿ. ಮರಕ್ಕೆ ತೂತು ಕೊರೆಯುವಾಗ ಬೋಲ್ಟಿಗಿಂತ ದೊಡ್ಡದಾಗಿ ಕೊರೆದು ಇಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಯ ತೂತು ಕೊರೆಯಿರಿ. ಆಗ ನೀರು ಒಳನುಗ್ಗಿದರೂ ಮರಕ್ಕೆ ತಾಗುವುದಿಲ್ಲ. ಕಿಟಕಿಗೆ ಕೊಯ್ದ ಅಂಚಿನಲ್ಲೂ ಫೋಮನ್ನು ಒಂದು ಸೆಂಟಿಮೀಟರ್ ಒಳಕ್ಕೆ ಕೆರೆದು ಗಟ್ಟಿ ಇಪಾಕ್ಸಿ ತುಂಬಬೇಕು. ಕಿಟಕಿಯ ಸುತ್ತ ಬ್ಯೂಟೈಲ್ ಪಟ್ಟಿ ಅಥವಾ ಪಿಯು ಸೀಲಂಟ್ ಬಳಸಿ. ಸಿಲಿಕೋನ್ ಒಮ್ಮೆ ತಾಗಿದ ಕಡೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ತೊಟ್ಟಿಯಲ್ಲಿ ಕೂರಿಸುವಾಗ ತೂಕದ ನಡುಬಿಂದು ಹಿಂದಿನ ಚಕ್ರದ ಅಚ್ಚಿಗಿಂತ (ಆಕ್ಸಲ್) ಮುಂದೆ ಬೀಳಬೇಕು. ಸಾಮಾನು ತುಂಬಿದ ನಿಮ್ಮ ಕ್ಯಾಂಪರ್ ಸುಮಾರು 280 ಕೆಜಿ. ಅದರ ನಡುಬಿಂದು ಹಿಂದಿನ ಅಚ್ಚಿನಿಂದ 40 ಸೆಂಟಿಮೀಟರ್ ಹಿಂದಿದ್ದರೆ, ಅಚ್ಚುಗಳ ನಡುವಿನ ದೂರ ಮೂರು ಮೀಟರ್ ಎಂದುಕೊಂಡರೆ, ಮುಂದಿನ ಚಕ್ರಗಳ ಮೇಲಿನ ಭಾರ 37 ಕೆಜಿ ಕಡಿಮೆಯಾಗುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟಿಯರಿಂಗ್ ಹಗುರವಾಗಿ ಜಾರುವುದು ಆಗಲೇ. ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ತೊಟ್ಟಿಯ ಮುಂಭಾಗದಲ್ಲಿ, ನೆಲಕ್ಕೆ ತಾಗಿಸಿ ಇಡಿ. ಹಿಂಬಾಗಿಲ ಬಳಿ ಹಗುರವಾದದ್ದು ಮಾತ್ರ ಇರಲಿ. ಅಡಿಗೆ ರಬ್ಬರ್ ಹಾಸು ಹಾಕಿ, ನಾಲ್ಕು ಮೂಲೆಯಿಂದ ಓರೆಯಾಗಿ, ತಿರುಗಿಸಿ ಬಿಗಿಯುವ ಟರ್ನ್‌ಬಕಲ್‌ಗಳಿಂದ ತೊಟ್ಟಿಯ ಕಾರ್ಖಾನೆ ಕೊಂಡಿಗಳಿಗೆ ಬಿಗಿಯಿರಿ. ಒಂದು ಕೊಂಡಿಯ ಮಾದರಿಯನ್ನು ಬೇರೆ ತುಂಡಿನಲ್ಲಿ ಕಟ್ಟಿ, ಚೈನ್ ಬ್ಲಾಕ್‌ನಿಂದ 500 ಕೆಜಿವರೆಗೆ ಎಳೆದು ನೋಡಿ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ. ಬೆಂಕಿ ತಡೆಯುವ ದರ್ಜೆಯದಾದರೂ ಪಾಲಿಸ್ಟೈರೀನ್ ಶಾಖಕ್ಕೆ ಕರಗುತ್ತದೆ, ಉರಿದಾಗ ಕಪ್ಪು ವಿಷಹೊಗೆ ಬಿಡುತ್ತದೆ. ಅಡುಗೆಯನ್ನು ಹೊರಗೆ, ಹಿಂಬಾಗಿಲ ಮರೆಯಲ್ಲಿ ಮಾಡುವ ವ್ಯವಸ್ಥೆಯೇ ಒಳ್ಳೆಯದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಹಾಗಾಗಿ ಸಿಲಿಂಡರ್ ಇಡುವ ಗೂಡು ಒಳಕೋಣೆಯಿಂದ ಪೂರ್ತಿ ಬೇರ್ಪಟ್ಟಿರಲಿ, ಅದರ ತಳದಲ್ಲಿ ಹೊರಕ್ಕೆ ತೆರೆದ ಕಂಡಿ ಇರಲಿ. ಮಲಗುವ ಜಾಗದ ಪಕ್ಕದಲ್ಲೊಂದು ಕಿಟಕಿ ಮಗಳು ಒಳಗಿನಿಂದ ತಾನೇ ತೆರೆದು ಹೊರಬರುವಷ್ಟು ದೊಡ್ಡದಿರಲಿ. ಬಾಗಿಲ ಬಳಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಮೂವರು ಮುಚ್ಚಿದ ಕೋಣೆಯಲ್ಲಿ ಮಲಗಿದರೆ ಉಸಿರಿನ ತೇವ ಗೋಡೆಯ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಚಾವಣಿಯಲ್ಲೊಂದು, ಕೆಳಗೊಂದು ಗಾಳಿಕಂಡಿ ಇಡಿ, ಮಳೆಗಾಲದಲ್ಲೂ ಅವನ್ನು ಮುಚ್ಚಬೇಡಿ.

ಒಡಲು ಮುಗಿದಾಗ, ಒಳಗಿನ ಕಪಾಟು ಕೂರಿಸುವ ಮೊದಲೇ ವಾಹನವನ್ನು ಹತ್ತಿರದ ವೇಬ್ರಿಡ್ಜಿಗೆ ಒಯ್ಯಿರಿ. ಮೊದಲು ಇಡೀ ವಾಹನ, ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ, ಕೊನೆಗೆ ಹಿಂದಿನವನ್ನಷ್ಟೇ ಹತ್ತಿಸಿ ಮೂರು ಚೀಟಿ ಪಡೆಯಿರಿ. ಎಲ್ಲ ತುಂಬಿಕೊಂಡು, ಮೂವರೂ ಕುಳಿತು, ನೀರು ತುಂಬಿಸಿ ಮತ್ತೊಮ್ಮೆ ತೂಗಿಸಿ. ಹಿಂದಿನ ಅಚ್ಚಿನ ತೂಕ ತಯಾರಕರ ಮಿತಿಗೆ ಹತ್ತಿರವಾಗಿದ್ದರೆ ಮೊದಲು ನೀರನ್ನು ಇಳಿಸಿ. ನಮ್ಮ ಕಡೆ ಮುಂದಿನ ಊರಿನಲ್ಲಿ ನೀರು ಸಿಗದ ದಾರಿ ಅಪರೂಪ.